ಅವ್ವನ ದನಿಯ ಮಾಲೀಕರು

ಆ ಯಂತ್ರ ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸುಳ್ಳನ್ನು ಹಿಡಿದು ಜಗ್ಗಬಹುದು, ನಾಲ್ಕು ಜನರ ಎದುರು ಬಯಲಿಗೆ ಹಾಕಬಹುದು. ಅದು ಹೇಳಿದ್ದು ನಿಜವಾಗಿತ್ತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಮೂಲಶೋಧಕ ಎಂದು ಅದರ ಹೆಸರು. ಒಬ್ಬ ಮನುಷ್ಯ ಒಂದು ವಿಚಾರವನ್ನು ಮೊಟ್ಟಮೊದಲು ಯಾವ ಗಳಿಗೆಯಲ್ಲಿ ಯೋಚಿಸಿದ ಎಂಬುದನ್ನು ಅದು ಪತ್ತೆ ಮಾಡುತ್ತದೆ. ಇದರಲ್ಲಿ ಮಾಯಮಂತ್ರವೇನಿಲ್ಲ. ನಮ್ಮಂಥ ಕಂಪನಿಗಳಲ್ಲಿ ಕೆಲಸಕ್ಕೆ ಕೂತವರೆಲ್ಲ ಹಣೆಗೆ ಎರಡು ಬೆರಳಗಲದ ರಬ್ಬರ್ ಪಟ್ಟಿ ಕಟ್ಟಿಕೊಳ್ಳಬೇಕು. ಗಮನ ಬೇರೆ ಕಡೆ ಹರಿದರೆ ಅದು ಸಣ್ಣಗೆ ಗುಂಯ್‌ಗುಟ್ಟಿ ಎಚ್ಚರಿಸುತ್ತದೆ. ನಿಮ್ಮ ಒಳ್ಳೆಯದಕ್ಕೇ ಎಂದು ಹೇಳಿ ಕಟ್ಟಿಸಿದ್ದರು. ಆದರೆ ಪಟ್ಟಿ ಮಿದುಳಿನ ಅಲೆಗಳನ್ನೂ, ನಮ್ಮ ಸುತ್ತಲಿನ ಸದ್ದನ್ನೂ ದಾಖಲಿಸಿಕೊಂಡು ಕೂಡಿಡುತ್ತದೆ. ಒಂದೊಂದು ವಿಚಾರಕ್ಕೂ ಅದರದೇ ಆದ ಅಲೆಗಳ ಒಂದು ಅಚ್ಚಿದೆಯಂತೆ, ಅದೇ ವಿಚಾರ ಮತ್ತೆ ಬಂದಾಗ ಅದೇ ಅಚ್ಚು ಮೂಡುತ್ತದಂತೆ. ನಿಮ್ಮನ್ನು ಕುರ್ಚಿಯಲ್ಲಿ ಕೂಡಿಸಿ, ನೀವು ಮಾಡಿದ ವಸ್ತುವಿನ ಬಗ್ಗೆ ಮಾತಾಡಿಸಿ, ಆ ಅಚ್ಚನ್ನು ಹಿಡಿದು ಹಳೆಯ ದಾಖಲೆಯಲ್ಲಿ ಹಿಂದೆ ಹಿಂದೆ ಹುಡುಕುತ್ತಾರೆ. ಸಿಕ್ಕ ಕಡೆ, ಇದು ಇಲ್ಲಿ ಹುಟ್ಟಿತು ಎಂದು ಗುರುತು ಹಾಕುತ್ತಾರೆ. ಹುಟ್ಟಿದಾಗ ನೀವು ಡ್ಯೂಟಿಯಲ್ಲಿದ್ದರೆ ಆ ಕೂಸು ಕಂಪನಿಯದು.

ನಾನು ನೀಲಾಂಬಿಕಾ. ಹುಬ್ಬಳ್ಳಿಯ ಧಾರಾಯಂತ್ರ ಎಂಬ ಕಂಪನಿಯಲ್ಲಿದ್ದೆ. ಊರಿನ ನೀರಿನ ಪೈಪುಗಳನ್ನು ಕಾಯುವ ಕಂಪನಿ ಅದು. ನೆಲದೊಳಗಿನ ಪೈಪುಗಳಿಗೆ ಅಲ್ಲಲ್ಲಿ ಕಿವಿ ಅಂಟಿಸಿದ್ದಾರೆ, ಅಂದರೆ ಸದ್ದು ಹಿಡಿಯುವ ಬಿಲ್ಲೆಗಳು. ಲಾರಿ ಓಡಾಡುವ ಸದ್ದು, ಬೋರ್‌ವೆಲ್ಲಿನ ಗದ್ದಲ, ಮಿರ್ಚಿ ಕುಟ್ಟುವ ಗಿರಣಿಯ ಸದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆ ಗದ್ದಲದ ಅಡಿಯಲ್ಲಿ ಪೈಪು ಸೋರುವ ಸಣ್ಣ ಸುಯ್ಯೆಂಬ ಸದ್ದನ್ನು ಹೆಕ್ಕಿ ತೆಗೆಯುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಊರಿನ ನಕ್ಷೆ. ನಾವು ಸೋರಿಕೆ ಪತ್ತೆ ಮಾಡಿದಲ್ಲಿ ಕೆಂಪು ದೀಪ ಹತ್ತುತ್ತದೆ. ನನಗೆ ಆ ಕೆಲಸ ಇಷ್ಟವಿತ್ತು, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಅವ್ವ ಶರಣವ್ವ ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸರ್ ಆಗಿದ್ದಳು. ಅಣ್ಣಿಗೇರಿ ಬಸ್ಸು ಎಲ್ಲಿ ನಿಂತಿದೆ, ನವಲಗುಂದದ ಬಸ್ಸು ಯಾಕೆ ತಡ ಎಂದು ಮೈಕಿನಲ್ಲಿ ಹೇಳುತ್ತಿದ್ದವಳು ಅವಳೇ. ರಿಟೈರ್ ಆದ ಮೇಲೂ ಕಾಯಿಪಲ್ಲೆ ಮಾರುವವರು ಅವಳ ದನಿ ಕೇಳಿಯೇ ಗುರುತು ಹಿಡಿಯುತ್ತಿದ್ದರು. ಒಂದು ದಿನ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ನಾಲಿಗೆ ತಿರುಗದಾಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚೊಕ್ಕ. ಅದೇ ದೊಡ್ಡ ಶಿಕ್ಷೆ. ನೋಡಲು ಬಂದ ಬಳಗದವರು ಕಿವುಡಿಯ ಜೊತೆ ಮಾತಾಡಿದಂತೆ ಅವಳ ಮುಂದೆ ಒದರುತ್ತಿದ್ದರು, ಆಮೇಲೆ ಅವಳೆದುರೇ ಕೂತು, ಪಾಪ, ಇನ್ನೆಷ್ಟು ದಿನವೋ ಎಂದು ಮಾತಾಡಿಕೊಳ್ಳುತ್ತಿದ್ದರು. ಅವಳ ಕಣ್ಣು ಉರಿಯುತ್ತಿದ್ದವು. ಬಾಯಿಂದ ಬರುತ್ತಿದ್ದದ್ದು ಬರೀ ಗೊಗ್ಗರು ಸದ್ದು.

ಒಂದು ಮಧ್ಯಾಹ್ನ ಆಫೀಸಿಗೆ ಅವ್ವನ ಫೋನ್ ಬಂತು. ಕಂಟ್ರೋಲ್ ರೂಮಿನಲ್ಲಿ ಮಾತಾಡುವಂತಿಲ್ಲ, ಮೆಟ್ಟಿಲ ಬಳಿ ಹೋಗಿ ಎತ್ತಿದೆ. ಅವಳು ಏನೋ ಹೇಳಿದಳು, ತಿಳಿಯಲಿಲ್ಲ. ಮತ್ತೆ ಹೇಳಿದಳು. ಮೂರನೆಯ ಸಲ ಹೇಳುತ್ತ ಅತ್ತು ಫೋನ್ ಇಟ್ಟುಬಿಟ್ಟಳು. ನಾನೂ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂಜೆ ಮನೆಗೆ ಹೋಗಿ ಗೋಗರೆದು ಕೇಳಿದಾಗ, ಕೈಸನ್ನೆ ಮಾಡಿ ತಿಳಿಸಿದಳು. ಊಟ ಆಯಿತೇನು ಎಂದು ಕೇಳಿದ್ದಳಂತೆ, ಅಷ್ಟೇ. ಆದರೆ ಅಲ್ಲಿ ಮೆಟ್ಟಿಲ ಮೇಲೆ ಅಳುತ್ತ ಕೂತಾಗಲೇ ನನ್ನ ತಲೆಯಲ್ಲಿ ಒಂದು ವಿಚಾರ ಹೊಳೆದಿತ್ತು. ಈ ಗದ್ದಲದ ಅಡಿಯಲ್ಲೂ ಒಂದು ಮಾತಿದೆ, ಹೆಕ್ಕಿ ತೆಗೆದರೆ ಸಿಗುತ್ತದೆ.

ಹಣೆಯ ಮೇಲೆ ಪಟ್ಟಿ ಇತ್ತು.

ಆಮೇಲೆ ನಾನು ಮಾಡಿದ್ದೆಲ್ಲ ಮನೆಯಲ್ಲೇ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ, ಬೆಳಗಿನ ಚಹಾ ಆದ ಮೇಲೆ ಆಫೀಸಿಗೆ ಹೊರಡುವ ತನಕ, ಮತ್ತು ರವಿವಾರಗಳಲ್ಲಿ. ಅವ್ವ ಕೂತು ತನಗೆ ಬಾಯಿಪಾಠವಿದ್ದ ಊರುಗಳ ಹೆಸರನ್ನೆಲ್ಲ ಒಂದಾದ ಮೇಲೊಂದು ಗೊಗ್ಗರಿಸುತ್ತಿದ್ದಳು, ನಾನು ಅವನ್ನು ಯಂತ್ರಕ್ಕೆ ಕಲಿಸುತ್ತಿದ್ದೆ. ಅವಳು ಮೈಕಿನಲ್ಲಿ ಮಾತಾಡಿದ ಹಳೆಯ ಟೇಪುಗಳು ಮನೆಯಲ್ಲಿದ್ದವು. ಯಂತ್ರದಿಂದ ಹೊರಡುವ ದನಿಯನ್ನು ಅವುಗಳಿಂದ ಕಟ್ಟಿದೆ. ಒಂದು ರವಿವಾರ ಕೊರಳಿಗೆ ಫೋನ್ ನೇತುಹಾಕಿಕೊಂಡು ಅವ್ವ ಏನೋ ಗೊಗ್ಗರಿಸಿದಳು. ಫೋನಿನಿಂದ ಅವಳ ಹಳೆಯ ದನಿ, ಬಸ್‌ಸ್ಟ್ಯಾಂಡಿನ ದನಿ, ಖಡಕ್ಕಾಗಿ ಹೊರಬಂತು. ಸಾರಿಗೆ ಉಪ್ಪು ಹಾಕುವುದನ್ನು ಯಾವಾಗ ಕಲಿಯುತ್ತಿ ಎಂದು ನನ್ನನ್ನು ಬೈದಿತ್ತು. ನಾನು ಪಾತ್ರೆ ಅಲ್ಲೇ ಇಟ್ಟು ಕುಣಿದುಬಿಟ್ಟೆ.

ಅವತ್ತಿನಿಂದ ಮನೆಯ ರಂಗೇ ಬೇರೆ. ಅವ್ವ ಕೊತ್ತಂಬರಿ ಮಾರುವವಳ ಜೊತೆ ಚೌಕಾಸಿ ಮಾಡಿದಳು. ಇನ್ನೆಷ್ಟು ದಿನವೋ ಎಂದಿದ್ದ ಬಳಗದವರನ್ನು ಕರೆಸಿ, ಚಹಾ ಕುಡಿಸಿ, ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು.

ಇನ್ನು ನಾನು ಮಾಡಿದ ಮೂರ್ಖ ಕೆಲಸ. ನಮ್ಮ ಕಡೆಯವರ ಹೊರತು ಬೇರೆ ಯಾರೂ ಇಂಥದ್ದು ಮಾಡಲಿಕ್ಕಿಲ್ಲ. ಆಯುಧಪೂಜೆಗೆ ಆಫೀಸಿನಲ್ಲಿ ಎಲ್ಲರೂ ತಮ್ಮ ತಮ್ಮ ಗಾಡಿ, ಲ್ಯಾಪ್‌ಟಾಪು ತಂದು ಸಾಲಾಗಿ ಇಡುತ್ತಾರೆ. ಅಯ್ನಾರು ಬಂದು ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡುತ್ತಾರೆ. ಮನೆ ಮಂದಿಯೂ ಬರುತ್ತಾರೆ. ನಾನು ನನ್ನ ಸ್ವಂತ ಲ್ಯಾಪ್‌ಟಾಪನ್ನು ಆ ಸಾಲಿನಲ್ಲಿ ಇಟ್ಟೆ, ಅವ್ವನನ್ನೂ ಕರೆದೊಯ್ದೆ. ಅವಳ ಕೊರಳಿನ ಫೋನ್ ಮಾತಾಡಿದ್ದು ಕೇಳಿ ಎಲ್ಲರೂ ಸುತ್ತ ನೆರೆದರು. ನಮ್ಮ ಮ್ಯಾನೇಜರ್ ಪ್ರಭುರಾಜ ಸರ್ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿ, ಇದೆಲ್ಲ ಇದರಲ್ಲೇ ಮಾಡಿದ್ದೇನು, ಯಾರದ್ದು ಇದು ಎಂದು ಕೇಳಿದರು. ನಾನು ಹಲ್ಲು ಕಿರಿದು, "ನಿಮ್ದೇ ರೀ ಸರ್" ಅಂದೆ.

ಹುಬ್ಬಳ್ಳಿ ಧಾರವಾಡದ ಕಡೆ ಹಾಗೆಯೇ. ಮನೆ ಯಾರದು ಎಂದರೆ ನಿಮ್ಮದೇ, ಕೂಸು ಯಾರದು ಎಂದರೆ ನಿಮ್ಮದೇ ಅನ್ನುತ್ತೇವೆ. ಹಾಗೆಂದ ಮಾತ್ರಕ್ಕೆ ಇವತ್ತಿನ ತನಕ ಯಾರೂ ಯಾರ ಕೂಸನ್ನೂ ಎತ್ತಿಕೊಂಡು ಹೋಗಿಲ್ಲ. ಹೋದವರು ಇವರೇ ಮೊದಲು. ಹಬ್ಬದ ದಿನವೂ ಹಾಜರಿಗಾಗಿ ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದೆವಲ್ಲ, ಆ ಮಾತು ಅದರಲ್ಲಿ ದಾಖಲಾಯಿತು.

ದೀಪಾವಳಿಗೆ ಮೊದಲೇ ನೋಟಿಸ್ ಬಂತು. ಕೆಲಸಕ್ಕೆ ಸೇರುವಾಗ ಎಲ್ಲರಂತೆ ನಾನೂ ಓದದೆ ಒಪ್ಪಿದ ಕರಾರಿನಲ್ಲಿ ಒಂದು ಸಾಲು ಇತ್ತು. ನೌಕರಿಯಲ್ಲಿರುವಾಗ ಕಂಪನಿಯ ವ್ಯವಹಾರಕ್ಕೆ ಸಂಬಂಧಪಟ್ಟ ಅಥವಾ ಸಂಬಂಧಪಡಬಹುದಾದ ಏನನ್ನು ಯೋಚಿಸಿದರೂ ಅದು ಕಂಪನಿಯ ಸ್ವತ್ತು. ಗದ್ದಲದಿಂದ ಸದ್ದು ಹೆಕ್ಕುವುದು ಕಂಪನಿಯ ವ್ಯವಹಾರ. ಅವ್ವನ ಮಾತು ಹೆಕ್ಕುವುದೂ ಅದೇ. ಪೈಪಿಗೂ ನನ್ನ ತಾಯಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲವಂತೆ. ಪ್ರಭುರಾಜ ಸರ್‌ಗೆ ಫೋನ್ ಮಾಡಿ ಕೇಳಿದೆ. ತಮ್ಮ ಕೈಯಲ್ಲಿ ಏನೂ ಇಲ್ಲ, ಮೇಲಿನವರದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಮನಸ್ಸಿಗೆ ಹಚ್ಚಿಕೊಳ್ಳದೆ ಮತ್ತೇನು ಗೋಡೆಗೆ ಹಚ್ಚಲೇ?

ಅದನ್ನು ಬಳಸಕೂಡದೆಂದು ಕಂಪನಿ ಮಧ್ಯಸ್ಥರಿಂದ ತಂದ ತಡೆಯಾಜ್ಞೆ ಜಾರಿಯಾದ ಬೆಳಿಗ್ಗೆ ಅವ್ವ ಬಾಗಿಲಲ್ಲಿ ಹಾಲಿನವನ ಜೊತೆ ಮಾತಾಡುತ್ತಿದ್ದಳು. ಹಾಲು ಈಚೆಗೆ ತೆಳ್ಳಗಿದೆ, ನೀರು ಹಾಕುವುದಾದರೆ ಶುದ್ಧ ನೀರನ್ನಾದರೂ ಹಾಕು ಎಂದು ಹೇಳುತ್ತಿದ್ದ ದನಿ ಅರ್ಧಕ್ಕೆ ನಿಂತಿತು. ಆಜ್ಞೆ ತೋರಿಸಿ, ಫೋನ್ ಕಂಪನಿಯವರಿಂದಲೇ ಅದಕ್ಕೆ ಕೀಲಿ ಜಡಿಸಿದ್ದರು. ಅವ್ವ ಫೋನನ್ನು ತಟ್ಟಿದಳು, ಅಲ್ಲಾಡಿಸಿದಳು. ಬಾಯಿ ತೆರೆದಳು, ಗೊಗ್ಗರು ಸದ್ದು ಬಂತು. ಹಾಲಿನವನು ನಾಚಿಕೊಂಡು ನೆಲ ನೋಡಿದ. ಅವ್ವ ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವಳು ಅವತ್ತಿಡೀ ಏಳಲಿಲ್ಲ.

ಕರಾರಿನ ಪ್ರಕಾರ ತಂಟೆ ಕೋರ್ಟಿಗೆ ಹೋಗುವಂತಿರಲಿಲ್ಲ, ಮಧ್ಯಸ್ಥರ ಮುಂದೆ ಹೋಗಬೇಕಿತ್ತು. ಮಧ್ಯಸ್ಥರೆಂದರೆ ಇನಾಮದಾರ ಸಾಹೇಬರು, ರಿಟೈರಾದ ಜಡ್ಜು, ಧಾರವಾಡದವರು. ವಿಚಾರಣೆ ನಮ್ಮ ಕಂಪನಿಯ ಮೇಲಿನ ಮಹಡಿಯಲ್ಲೇ. ಕಂಪನಿಯ ವಕೀಲ ಮೇಘಶ್ಯಾಮ ಎಂಬವನು ಪರ ಊರಿನಿಂದ ವಿಮಾನದಲ್ಲಿ ಬರುತ್ತಿದ್ದ. ಕೊನೆಯ ದಿನವೊಂದನ್ನು ಬಿಟ್ಟರೆ ಯಾವ ದಿನವೂ ಅವನು ಹೊತ್ತಿಗೆ ಸರಿಯಾಗಿ ಬಂದವನಲ್ಲ.

ನನ್ನನ್ನು ಮೂಲಶೋಧಕದ ಕುರ್ಚಿಯಲ್ಲಿ ಕೂಡಿಸಿದರು. ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ ಹೇಳಿ ಎಂದರು, ಹೇಳಿದೆ. ಗೋಡೆಯ ಮೇಲೆ ಗೆರೆ ಹರಿಯಿತು, ಹಿಂದೆ ಹಿಂದೆ ಸರಿಯಿತು, ಒಂದು ಕಡೆ ಎದ್ದು ನಿಂತಿತು. ಮೆಟ್ಟಿಲ ಮೇಲಿನ ಆ ಮಧ್ಯಾಹ್ನ. ಅಷ್ಟಕ್ಕೇ ಬಿಡಲಿಲ್ಲ. ಪಟ್ಟಿಯಲ್ಲಿ ದಾಖಲಾಗಿದ್ದ ಸದ್ದನ್ನೂ ಹಾಕಿದರು. ಅವ್ವನ ಮೂರು ಸಲದ ಗೊಗ್ಗರು, ಅವಳ ಅಳು, ಆಮೇಲೆ ನನ್ನ ಅಳು, ಎಲ್ಲ ಆ ಏಸಿ ಕೋಣೆಯಲ್ಲಿ ದೊಡ್ಡ ಸ್ಪೀಕರಿನಿಂದ ಬಂತು. ಮೇಘಶ್ಯಾಮ ಗೆರೆಯ ಮೇಲೆ ಬೆರಳಿಟ್ಟು, ಇದು ಆವಿಷ್ಕಾರದ ಕ್ಷಣ, ಈ ಕ್ಷಣಕ್ಕೆ ಕಂಪನಿ ಸಂಬಳ ಕೊಟ್ಟಿದೆ ಎಂದ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ನನ್ನ ಅವ್ವ ಊಟಾ ಆತೇನು ಅಂತ ಕೇಳ್ಯಾಳ," ಎಂದೆ. "ಅದಕ್ಕ ಎಷ್ಟು ಸಂಬಳ ಕೊಟ್ಟೀರಿ, ಹೇಳ್ರಿ."

ಕೂತುಕೊಳ್ಳಿ ಎಂದರು. ಕೂತೆ. ಆಮೇಲೆ ಚೆಂಡುಹೂ ಏರಿಸಿದ ಲ್ಯಾಪ್‌ಟಾಪಿನ ಫೋಟೋ ಬಂತು, ನನ್ನ ನಿಮ್ದೇ ರೀ ಸರ್ ಬಂತು. ಇನಾಮದಾರ ಸಾಹೇಬರು ಅದನ್ನು ಕೇಳಿ ತುಟಿ ಕಚ್ಚಿದರು. ಅದು ಬರೀ ಉಪಚಾರದ ಮಾತು ಎಂದು ಅವರಿಗೆ ಗೊತ್ತಿಲ್ಲವೇ? ಅವರ ಮನೆಯಲ್ಲೂ ದಿನಾ ಅದೇ ಮಾತು. ಆದರೂ ಬರೆದುಕೊಂಡರು. ತಪ್ಪೆಂದು ತಿಳಿದೂ ಬರೆದುಕೊಂಡರು ಎಂಬುದಕ್ಕೇ ಅವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

ಸಾಫ್ಟ್‌ವೇರ್ ಏನಿದ್ದರೂ ಕಂಪನಿಯದೇ ಎಂದು ಅವರು ಹೇಳಿಬಿಟ್ಟರು. ಉಳಿದದ್ದು ಅವ್ವನ ದನಿ. ಅವಳ ಗೊಗ್ಗರು ಸದ್ದಿನ ಮಾದರಿಗಳು ಮತ್ತು ಹಳೆಯ ಟೇಪಿನ ದನಿ ಇಲ್ಲದಿದ್ದರೆ ಆ ಸಾಫ್ಟ್‌ವೇರ್ ಮೂಕ. ದನಿಯನ್ನು ಯಾರೂ ಕದಿಯದಿರಲಿ ಎಂದು ಒಂದು ಕಾನೂನು ಇದೆ. ದನಿಯ ಧಣಿ ಅಧಿಕಾರಿಯ, ಇಲ್ಲಿ ಮಧ್ಯಸ್ಥರ, ಮುಂದೆ ಬಂದು, ತನ್ನ ಬಾಯಿಂದಲೇ, ಕೊಡುತ್ತೇನೆ ಅಥವಾ ಕೊಡುವುದಿಲ್ಲ ಎಂದು ಹೇಳಬೇಕು. ತಲೆಯಾಡಿಸಿದರೆ ಸಲ್ಲದು, ಬರೆದುಕೊಟ್ಟರೆ ಸಲ್ಲದು. ಗೊತ್ತುಮಾಡಿದ ಕೊನೆಯ ದಿನದೊಳಗೆ ಏನೂ ಹೇಳದಿದ್ದರೆ ಒಪ್ಪಿಗೆ ಎಂದೇ ಭಾವಿಸಲಾಗುತ್ತದೆ. ಈ ಕಾನೂನು ಬರೆದವರ ಮನೆಯಲ್ಲಿ ಯಾರಿಗೂ ಲಕ್ವಾ ಹೊಡೆದಿರಲಿಕ್ಕಿಲ್ಲ.

ಕಂಪನಿ ಒಂದು ಆಸೆಯನ್ನೂ ತೋರಿಸಿತು. ಶರಣವ್ವನವರು ಒಪ್ಪಿದರೆ ಅವರ ಫೋನಿನ ಕೀಲಿ ತೆಗೆಯುತ್ತೇವೆ, ಇರುವ ತನಕ ಪುಕ್ಕಟೆ ಮಾತಾಡಲಿ ಎಂದಿತು. ಪ್ರಭುರಾಜ ಸರ್ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದು, ಕೆಂಪು ದೀಪಗಳ ಮುಂದೆ ನಿಂತು, ಇದರ ಮುಂದಿನ ಯೋಜನೆಯನ್ನು ಖುಷಿಯಿಂದಲೇ ವಿವರಿಸಿದರು. ಅವ್ವನದು ಊರಿನವರಿಗೆಲ್ಲ ಪರಿಚಯದ ದನಿಯಂತೆ, ನಂಬಿಕೆಯ ದನಿಯಂತೆ. ನೀರಿನ ಬಿಲ್ಲು ಕಟ್ಟದವರ ಮನೆಗೆ ಫೋನ್ ಮಾಡಿ, ನಾಳೆ ನಿಮ್ಮ ನಳ ಕತ್ತರಿಸುತ್ತೇವೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ದನಿ ಸಿಕ್ಕಲಾರದು ಎಂದರು. ಆ ಮನುಷ್ಯ ಒಂದು ಚೂರೂ ತಮಾಷೆ ಮಾಡುತ್ತಿರಲಿಲ್ಲ.

ಆದರೂ ನಾನು ಮನೆಗೆ ಬಂದು, ಒಪ್ಪಿಬಿಡು ಎಂದೇ ಅವ್ವನಿಗೆ ಹೇಳಿದೆ. ಅವಳು ಗೋಡೆ ನೋಡುತ್ತ ಮಲಗುವುದನ್ನು ಇನ್ನು ನೋಡಲಾರೆ, ಕಂಪನಿ ಆ ದನಿಯಿಂದ ಯಾರಿಗೆ ಏನಾದರೂ ಹೇಳಿಸಿಕೊಳ್ಳಲಿ, ಅವಳು ಮಾತಾಡಿದರೆ ನನಗೆ ಸಾಕು ಎಂದು ಕೂಗಾಡಿದೆ. ಅವ್ವನೂ ಕೂಗಾಡಿದಳು. ದಿನವೂ ಅವಳ ಸದ್ದುಗಳೊಂದಿಗೆ ಕೂತು ಕೂತು ನನಗೆ ಫೋನಿಲ್ಲದೆಯೂ ಅವಳ ಮಾತು ತಿಳಿಯುತ್ತಿತ್ತು. ಪಕ್ಕದ ಮನೆಯವರಿಗೆ ನಾನೊಬ್ಬಳೇ ಜಗಳವಾಡುತ್ತಿದ್ದಂತೆ ಕೇಳಿಸಿರಬೇಕು. ಅವ್ವ ಹೇಳಿದ್ದು ಇಷ್ಟು. ಜೀವಮಾನವಿಡೀ ಮಂದಿಗೆ ಅವರ ಬಸ್ಸು ತೋರಿಸಿದ ದನಿ ಅದು, ಆ ದನಿಯಿಂದ ಯಾರ ಮನೆಯ ನೀರನ್ನೂ ಕತ್ತರಿಸಗೊಡುವುದಿಲ್ಲ. ನನ್ನನ್ನು ಅಲ್ಲಿಗೆ ಕರಕೊಂಡು ಹೋಗು, ನಾನೇ ಹೇಳುತ್ತೇನೆ. ಅವರಿಗೆ ತಿಳಿಯುವುದಿಲ್ಲವ್ವಾ ಎಂದೆ. ಸೀರೆ ತೆಗೆದಿಡು ಎಂದಳು.

ಮೊದಲ ದಿನ ಅವಳು ಇನಾಮದಾರ ಸಾಹೇಬರ ಎದುರು ಕೂತು, ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ಸ್ಪಷ್ಟವಾಗಿ ಅಂದರೆ ನನಗೆ. ಅವರು ನನ್ನ ಮುಖ ನೋಡಿದರು. ಅವ್ವ ಹೇಳಿದ್ದನ್ನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಮೇಘಶ್ಯಾಮ ಎದ್ದ. ಈಕೆಗೆ ಆ ಸದ್ದು ಅರ್ಥವಾಗುವುದೇ ವಿವಾದದ ಸಾಫ್ಟ್‌ವೇರ್ ಮಾಡುವಾಗ ಪಡೆದ ತರಬೇತಿಯಿಂದ, ಅಂದರೆ ಆ ತಿಳಿವಳಿಕೆಯೂ ಕಂಪನಿಯ ಸ್ವತ್ತು, ಅದನ್ನು ಕಂಪನಿಯ ವಿರುದ್ಧ ಬಳಸುವಂತಿಲ್ಲ ಎಂದ. ನನ್ನ ಕಿವಿಯೂ ಅವರದೇ. ಇನಾಮದಾರ ಸಾಹೇಬರು ಕರಾರಿನ ಹಾಳೆ ತಿರುವಿ ನೋಡಿದರು. ಆಕ್ಷೇಪಣೆ ಸರಿಯಿದೆ ಎಂದರು. ಟೈಪಿಸ್ಟ್ ಹುಡುಗಿಗೆ ಬರೆಸಿದರು: ಶ್ರೀಮತಿ ಶರಣವ್ವ ಅವರು ಏನನ್ನೂ ಹೇಳಲಿಲ್ಲ.

ಥೂ, ನಿಮ್ಮ ಕಾನೂನಿಗಿಷ್ಟು ಬೆಂಕಿ ಹಾಕ ಎಂದು ಅಲ್ಲೇ ಅಂದೆ. ಅದನ್ನು ಮಾತ್ರ ತಪ್ಪದೆ ಬರೆದುಕೊಂಡರು.

ಅವ್ವ ಬಿಡಲಿಲ್ಲ. ಪ್ರತಿ ತಾರೀಖಿಗೂ ಹೊರಟು ನಿಂತಳು. ಮೇಘಶ್ಯಾಮನ ವಿಮಾನ ತಡ ಎಂದು ನಾವೆಲ್ಲ ಕಾಯುತ್ತ ಕೂರಬೇಕಾಗುತ್ತಿತ್ತು. ಅಷ್ಟೂ ಹೊತ್ತು ಅವ್ವ ಇನಾಮದಾರ ಸಾಹೇಬರ ಜೊತೆ ಮಾತಾಡುತ್ತಿದ್ದಳು. ಬಿಸಿಲಿನ ಬಗ್ಗೆ, ಅವರ ಕೆಮ್ಮಿನ ಬಗ್ಗೆ, ಜೋಳದ ರೊಟ್ಟಿ ಬಿಟ್ಟು ಚಪಾತಿ ತಿನ್ನಲು ಹತ್ತಿದ ಮಂದಿಯ ಬಗ್ಗೆ. ನಾನು ತುಟಿ ಬಿಚ್ಚುವಂತಿರಲಿಲ್ಲ. ಅವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೆ ನಮ್ಮ ಕಡೆ ಹಿರಿಯ ಹೆಣ್ಣುಮಗಳು ಎದುರು ಕೂತು ಮಾತಾಡುತ್ತಿದ್ದರೆ ಮೊಬೈಲ್ ನೋಡುತ್ತ ಕೂರಲು ಆಗುವುದಿಲ್ಲ. ಹೂಂ ರೀ, ಹೌದ್ರಿ ಎನ್ನುತ್ತ ಮುಖ ನೋಡಿ ಕೇಳಲೇಬೇಕು. ಅವರು ಕೇಳಿದರು. ಚಳಿಗಾಲ ಮುಗಿದು ಬೇಸಿಗೆ ಹತ್ತುವ ತನಕ, ಬೇರೆ ದಾರಿಯಿಲ್ಲದೆ ಕೇಳಿದರು.

ಕೊನೆಯ ದಿನ ಬಂತು. ಒಪ್ಪಿಗೆ ಎಂದು ಭಾವಿಸಲಾಗಿದೆ ಎಂಬ ಆದೇಶ ತಯಾರಾಗಿ ಮೇಜಿನ ಮೇಲಿತ್ತು, ಸಹಿ ಒಂದೇ ಬಾಕಿ. ಅವತ್ತು ಮೇಘಶ್ಯಾಮ ಹೊತ್ತಿಗೆ ಮುಂಚೆಯೇ ಬಂದಿದ್ದ. ಪ್ರಭುರಾಜ ಸರ್ ಪೇಢೆಯ ಡಬ್ಬಿ ತಂದಿದ್ದರು, ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದರು. ಇನಾಮದಾರ ಸಾಹೇಬರು ಕನ್ನಡಕ ಏರಿಸಿ ಕಾಗದವನ್ನು ಓದತೊಡಗಿದರು. ಅವ್ವ ಸೆರಗು ಹೊದ್ದುಕೊಳ್ಳುತ್ತ ಏನೋ ಅಂದಳು.

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಹೌದ್ರಿ ಅಮ್ಮಾರ, ಭಾಳ ಥಂಡಿ ಬಿಟ್ಟಾರ," ಎನ್ನುತ್ತ ಪ್ಯೂನನ ಕಡೆ ಕೈ ಮಾಡಿದರು. "ಏ, ಆ ಏಸಿ ಕಡಿಮಿ ಮಾಡೋ."

ಪ್ಯೂನ್ ಏಸಿ ಕಡಿಮೆ ಮಾಡಿದ. ಟೈಪಿಸ್ಟ್ ಹುಡುಗಿ ಕೈ ಕೀಲಿಮಣೆಯ ಮೇಲೆ ಇಟ್ಟುಕೊಂಡು ಸಾಹೇಬರನ್ನೇ ನೋಡಿದಳು. ಅವ್ವನ ಮಾತು ತಮಗೆ ಅರ್ಥವಾಗಿತ್ತೆಂದು ಆಗ ಅವರಿಗೂ ತಿಳಿಯಿತು. ಕನ್ನಡಕ ತೆಗೆದರು. ಅವರ ಕಿವಿ ಕೆಂಪಗಾಗಿತ್ತು.

"ಸಾಹೇಬ್ರ, ನೀವು ಯಾವ ಕಂಪನಿ ಪಟ್ಟಿ ಕಟಗೊಂಡು ಕಲ್ತ್ರಿ?" ಎಂದೆ.

ಮೇಘಶ್ಯಾಮ ಆಕ್ಷೇಪಣೆ ಎನ್ನುತ್ತ ಎದ್ದ. ಇನಾಮದಾರ ಸಾಹೇಬರು ಅವನ ಕಡೆ ನೋಡದೆ ಕೂತುಕೊಳ್ಳಲು ಸನ್ನೆ ಮಾಡಿದರು. ತಮ್ಮ ಕಿವಿ ಯಾವ ಕಂಪನಿಯ ಸ್ವತ್ತೂ ಅಲ್ಲ ಎಂದರು. ಆಮೇಲೆ ಕುರ್ಚಿಯನ್ನು ಅವ್ವನ ಕಡೆ ತಿರುಗಿಸಿಕೊಂಡು, ನಿಮ್ಮ ದನಿಯನ್ನು ಈ ಕಂಪನಿಗೆ ಕೊಡಲು ನಿಮಗೆ ಒಪ್ಪಿಗೆಯಿದೆಯೇ ಎಂದು ಕೇಳಿದರು. ಒಪ್ಪದಿದ್ದರೆ ಫೋನಿನ ಕೀಲಿ ತೆಗೆಯುವುದಿಲ್ಲ, ಅದೂ ಗೊತ್ತಿರಲಿ ಎಂದರು.

ಗೊತ್ತದ ಎಂಬಂತೆ ಅವ್ವ ಎಡಗೈ ಎತ್ತಿದಳು. ಮಾತಾಡಿದಳು. ಸಾಹೇಬರಿಗೆ ಮೊದಲ ಸಲ ಪೂರಾ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದರು. ಅವ್ವ ಒಂದೊಂದೇ ಪದ ಬಿಡಿಸಿ, ಉಗುಳು ಒರೆಸಿಕೊಂಡು, ಮತ್ತೆ ಹೇಳಿದಳು. ಸಾಹೇಬರು ಹೂಂ ಎಂದು ಟೈಪಿಸ್ಟಿಗೆ ಬರೆಸತೊಡಗಿದರು.

"ನನ್ನ ದನಿ ನನ್ನ ಕೂಡ ಸಾಯಲಿ. ಇವರಿಗೆ ಕೊಡಂಗಿಲ್ಲ."

ಅವ್ವ ಮೇಜನ್ನು ಎಡಗೈಯಿಂದ ತಟ್ಟಿದಳು. ಹಾಗಲ್ಲ ಎಂದು ತಲೆ ಅಲ್ಲಾಡಿಸಿ, ಕಡೆಯ ಅರ್ಧವನ್ನು ಮತ್ತೊಮ್ಮೆ ಹೇಳಿದಳು, ಈ ಸಲ ಪ್ರಭುರಾಜ ಸರ್ ಮುಖ ನೋಡಿಕೊಂಡೇ. ಇನಾಮದಾರ ಸಾಹೇಬರು ಒಮ್ಮೆ ಕೆಮ್ಮಿದರು. ಆಮೇಲೆ ಟೈಪಿಸ್ಟ್ ಹುಡುಗಿಗೆ ಹೇಳಿದರು.

"ಇವರಿಗೆ ಅನ್ನೂದನ್ನ ತಗೀವ್ವಾ. ಈ ಹಲಕಟ್ ಮಂದಿಗೆ ಅಂತ ಬರಿ."